ಕೇಫೇಬ್: ಕುಸ್ತಿಯವರ ಗುಟ್ಟಿನ ಪದ

"ಅದೆಲ್ಲ ಸುಳ್ಳು ಕಣೋ. ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಂಡಿರ್ತಾರೆ."

ಟಿವಿಯಲ್ಲಿ ರೆಸ್ಲಿಂಗ್ ನೋಡಿ ಬೆಳೆದವರಿಗೆಲ್ಲ ಯಾರೋ ಒಬ್ಬರು ಈ ಮಾತು ಹೇಳಿಯೇ ಇರುತ್ತಾರೆ. ನನಗೆ ಹೇಳಿದ್ದು ನನ್ನ ಅಣ್ಣ. ಸತ್ತವನ ವೇಷದ ಕುಸ್ತಿಪಟು ಅಂಡರ್‌ಟೇಕರ್ ಬರುವ ಮುನ್ನ ಬಾರಿಸುವ ಗಂಟೆಗೆ ಕಿವಿ ಕೊಟ್ಟು ಕೂತಿದ್ದೆ. ಆ ಹೊತ್ತಿಗೇ ಹೇಳಬೇಕಿತ್ತಾ? ನನಗೆ ಸಿಟ್ಟು ಬಂತು. "ಹಾಗಾದ್ರೆ ಅವನ ಎದುರಾಳಿ ಮ್ಯಾನ್‌ಕೈಂಡ್ ಅಷ್ಟು ಎತ್ತರದಿಂದ ಬಿದ್ದಿದ್ದೂ ಸುಳ್ಳಾ?" ಅಂತ ಕೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಹೋದ. ಜಗಳದಲ್ಲಿ ಗೆದ್ದೆ ಅಂದುಕೊಂಡೆ. ಆದರೆ ಆ ಪ್ರಶ್ನೆಗೆ ಉತ್ತರ ನನಗೂ ಗೊತ್ತಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಪದ ಕಿವಿಗೆ ಬಿತ್ತು. ಕೇಫೇಬ್. ಅದು ಅರ್ಥವಾದ ಮೇಲೆ, ನಾವಿಬ್ಬರೂ ತಪ್ಪು ಜಗಳ ಆಡಿದ್ದೆವು ಅನ್ನಿಸಿತು.

ಕುಸ್ತಿಯ ಕಥೆಯಲ್ಲಿ ಬರುವ ಜಗಳ, ದ್ವೇಷ, ನಂಟು, ಪೆಟ್ಟು ಎಲ್ಲವೂ ನಿಜವೇ ಎಂಬಂತೆ ಹೊರಗಿನವರ ಮುಂದೆ ನಡೆದುಕೊಳ್ಳುವ ಕಟ್ಟಳೆಗೆ ಕೇಫೇಬ್ ಎಂದು ಹೆಸರು. ರಿಂಗಿನಲ್ಲಿ ಹಾಗೆ ನಡೆದುಕೊಳ್ಳುವುದು ದೊಡ್ಡದಲ್ಲ, ಅದನ್ನು ಯಾವ ನಟನೂ ಮಾಡುತ್ತಾನೆ. ಆದರೆ ನಟ ಆಟ ಮುಗಿದ ಮೇಲೆ ಬಣ್ಣ ತೊಳೆದು ಮನೆಗೆ ಹೋಗುತ್ತಾನೆ. ಹಳೇ ಕಾಲದ ಕುಸ್ತಿಪಟು ವೇಷ ಹೊತ್ತುಕೊಂಡೇ ಮನೆಗೆ ಹೋಗಬೇಕಿತ್ತು. ಹೋಟೆಲಿನಲ್ಲಿ, ದಾರಿಯಲ್ಲಿ, ವಿಮಾನದಲ್ಲಿ, ಕೆಲವರಂತೂ ಹೆಂಡತಿ ಮಕ್ಕಳ ಮುಂದೆಯೂ ಅದನ್ನು ಬಿಡುತ್ತಿರಲಿಲ್ಲ.

ಪದವನ್ನು ಬಳಸುವ ರೀತಿಯೂ ಹಲವು. ಅಂಡರ್‌ಟೇಕರ್ ಮತ್ತು ಕೇನ್ "ಕೇಫೇಬ್‌ನಲ್ಲಿ" ಅಣ್ಣ ತಮ್ಮ, ಅಂದರೆ ಕಥೆಯ ಮಟ್ಟಿಗೆ. ನಿಜದಲ್ಲಿ ಆ ಪಾತ್ರಗಳನ್ನು ಮಾಡಿದ ಮಾರ್ಕ್ ಕ್ಯಾಲವೇಗೂ ಗ್ಲೆನ್ ಜೇಕಬ್ಸ್‌ಗೂ ಯಾವ ರಕ್ತಸಂಬಂಧವೂ ಇಲ್ಲ. ಯಾರಾದರೂ ಪಾತ್ರ ಬಿಟ್ಟು ಮಾತಾಡಿದರೆ "ಕೇಫೇಬ್ ಮುರಿದ" ಅನ್ನುತ್ತಾರೆ. ಇನ್ನೊಂದು ಬಳಕೆ ನನಗೆ ಬಲು ಇಷ್ಟ. ಹಿಂದೆ ಬಟ್ಟೆ ಬದಲಿಸುವ ಕೋಣೆಗೆ ಹೊರಗಿನವರು ಯಾರಾದರೂ ಕಾಲಿಟ್ಟರೆ, ಒಳಗಿದ್ದವರಲ್ಲಿ ಒಬ್ಬ "ಕೇಫೇಬ್!" ಎನ್ನುತ್ತಿದ್ದನಂತೆ. ಅಂದರೆ, ಬಾಯಿ ಮುಚ್ಚಿ, ಜನ ಬಂದರು ಅಂತ.

ಪದ ಎಲ್ಲಿಂದ ಬಂತು? ಅಮೆರಿಕದ ಊರೂರು ತಿರುಗುವ ಕಾರ್ನಿವಲ್ ಜಾತ್ರೆಗಳ ಗುಟ್ಟಿನ ಭಾಷೆಯಿಂದ ಬಂತು ಎನ್ನುವುದು ರೂಢಿಯ ಮಾತು. ಸುಳ್ಳು ಎಂಬರ್ಥದ "ಫೇಕ್" ಪದವನ್ನೇ ಹಿಂದುಮುಂದು ಮಾಡಿ ಕಟ್ಟಿದ್ದು ಎಂದು ಹಲವರು ಹೇಳುತ್ತಾರೆ. ನಾವು ಚಿಕ್ಕವರಿದ್ದಾಗ ದೊಡ್ಡವರಿಗೆ ತಿಳಿಯದಿರಲಿ ಎಂದು ಪ್ರತಿ ಅಕ್ಷರಕ್ಕೂ "ಕ" ಸೇರಿಸಿ ಮಾತಾಡುತ್ತಿದ್ದೆವಲ್ಲ, ಆ ಜಾತಿಯದು.

ಜಾತ್ರೆಗೂ ಕುಸ್ತಿಗೂ ಏನು ನಂಟು ಅಂತೀರಾ? ಆ ಜಾತ್ರೆಗಳಲ್ಲಿ ಕುಸ್ತಿಯ ಡೇರೆ ಇರುತ್ತಿತ್ತು. "ನಮ್ಮ ಪೈಲ್ವಾನನ ಎದುರು ಇಷ್ಟು ನಿಮಿಷ ನಿಂತರೆ ದುಡ್ಡು" ಎಂದು ಕೂಗಿ ಕರೆಯುತ್ತಿದ್ದರು. ಗುಂಪಿನಿಂದ ಒಬ್ಬ ಎದ್ದು ಬರುತ್ತಿದ್ದ. ಕೆಲವೊಮ್ಮೆ ಅವನು ನಿಜವಾಗಿಯೂ ಊರಿನವನೇ. ಕೆಲವೊಮ್ಮೆ ಡೇರೆಯವರೇ ನಿಲ್ಲಿಸಿದ್ದ ಆಳು. ಅವನು ಗೆಲ್ಲುವ ಹಾಗೆ ಕಂಡಾಗ ಬಾಜಿ ಏರುತ್ತಿತ್ತು. ಹಾಗಾಗಿ ಗುಟ್ಟು ಕಾಯುವುದು ಹೊಟ್ಟೆಪಾಡಿನ ಪ್ರಶ್ನೆ. ಗುಟ್ಟು ಬಿಟ್ಟುಕೊಟ್ಟರೆ ದುಡ್ಡು ಹೋಗುವುದಿರಲಿ, ಒದೆ ಬೀಳುತ್ತಿತ್ತು.

ಕೇಫೇಬ್ ಜೊತೆಗೇ ಬರುವ ಕೆಲವು ಪದಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲೇ ಮಾತಾಡಿಕೊಂಡು ಮಾಡಿದ್ದು "ವರ್ಕ್". ಮಾತಾಡಿಕೊಳ್ಳದೆ ನಿಜವಾಗಿ ಆದದ್ದು "ಶೂಟ್". ಒಳ್ಳೆಯವನು "ಬೇಬಿಫೇಸ್", ಕೆಟ್ಟವನು "ಹೀಲ್". ಎಲ್ಲವನ್ನೂ ನಿಜ ಅಂತ ನಂಬುವ ಪ್ರೇಕ್ಷಕ "ಮಾರ್ಕ್", ಅಂದರೆ ನಾನು. ಬಿದ್ದ ಪೆಟ್ಟಿಗೆ ಸರಿಯಾಗಿ ನರಳಿ ತೋರಿಸುವುದು "ಸೆಲ್" ಮಾಡುವುದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆಯ ಜಟ್ಟಿ ಇಲ್ಲಿಗೆ ಆಗಿಬರುವುದಿಲ್ಲ. ಇಲ್ಲಿ ಮೀಸೆ ಮಣ್ಣಾಗಿದ್ದನ್ನು ಕೊನೆಯ ಸಾಲಿನಲ್ಲಿ ಕೂತವನಿಗೂ ಕಾಣುವ ಹಾಗೆ ತೋರಿಸುವವನೇ ಒಳ್ಳೆಯ ಆಟಗಾರ.

ಗುಟ್ಟು ಕಾಯಲು ಇವರು ಎಷ್ಟು ದೂರ ಹೋಗುತ್ತಿದ್ದರು ಅನ್ನುವುದಕ್ಕೆ 1975ರ ಒಂದು ಘಟನೆ ಸಾಕು. ಆ ವರ್ಷದ ಅಕ್ಟೋಬರ್ 4ರಂದು ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್ ಹತ್ತಿರ ಒಂದು ಪುಟ್ಟ ವಿಮಾನ ಬಿತ್ತು. ಒಳಗೆ ರಿಕ್ ಫ್ಲೇರ್ ಇದ್ದ, ಬೆನ್ನುಮೂಳೆ ಮುರಿದುಕೊಂಡ. ಜಾನಿ ವ್ಯಾಲೆಂಟೈನ್ ಇದ್ದ, ಅವನ ಕುಸ್ತಿ ಅಂದಿಗೇ ಮುಗಿಯಿತು. ಪೈಲಟ್ ಮುಂದೆ ತೀರಿಕೊಂಡ. ಅದೇ ವಿಮಾನದಲ್ಲಿ "ಮಿಸ್ಟರ್ ರೆಸ್ಲಿಂಗ್" ಹೆಸರಿನಲ್ಲಿ ಮುಖವಾಡ ಹಾಕಿ ಆಡುತ್ತಿದ್ದ ಟಿಮ್ ವುಡ್ಸ್ ಕೂಡ ಇದ್ದ. ತೊಂದರೆ ಏನಪ್ಪಾ ಅಂದರೆ, ವುಡ್ಸ್ ಒಳ್ಳೆಯವನು, ವ್ಯಾಲೆಂಟೈನ್ ಕೆಟ್ಟವನು. ಹಾವು ಮುಂಗುಸಿಯಂಥವರು ಒಂದೇ ಪುಟ್ಟ ವಿಮಾನದಲ್ಲಿ ಕೂತು ಬಂದರು ಅಂತ ಪತ್ರಿಕೆಯಲ್ಲಿ ಬಂದರೆ? ಗಾಯಗೊಂಡು ಆಸ್ಪತ್ರೆಯಲ್ಲಿ ಬಿದ್ದಿದ್ದ ವುಡ್ಸ್ ತನ್ನ ಹುಟ್ಟು ಹೆಸರು ಜಾರ್ಜ್ ವುಡಿನ್ ಅಂತ ಬರೆಸಿದ. ನಾನು ಕುಸ್ತಿಪಟು ಅಲ್ಲ, ಕುಸ್ತಿ ನಡೆಸುವ ಪ್ರಮೋಟರ್ ಅಂದ. ಆಮೇಲೆ ಮೈ ಪೂರ್ತಿ ವಾಸಿಯಾಗುವ ಮೊದಲೇ ರಿಂಗಿಗೆ ಬಂದು ನಿಂತ, ಗಾಳಿಸುದ್ದಿ ನಿಲ್ಲಲಿ ಅಂತ.

ಈ ಕಥೆ ಓದಿದಾಗ ಮೊದಲು ಮೈ ಜುಮ್ಮೆಂದಿತು. ಎಂಥಾ ನಿಷ್ಠೆ! ಈಗ ಅದೇ ಕಥೆ ನೆನೆದರೆ ಸ್ವಲ್ಪ ಕಸಿವಿಸಿ ಆಗುತ್ತದೆ. ಸಾವಿನ ಬಾಯಿಂದ ತಪ್ಪಿಸಿಕೊಂಡು ಬಂದವನಿಗೆ ನರಳಲೂ ಬಿಡುವಿರಲಿಲ್ಲ, ಅಲ್ವಾ? ಸುಳ್ಳು ನೋವನ್ನು ದಿನವೂ ಜನರಿಗೆ ತೋರಿಸುವವನು ನಿಜವಾದ ನೋವನ್ನು ಬಚ್ಚಿಡಬೇಕಾಯಿತು.

ಮೆಕ್ಸಿಕೋದ ಕುಸ್ತಿಪಟು ಎಲ್ ಸಾಂಟೋ ಕಥೆ ಇನ್ನೂ ಒಂದು ಕೈ ಮೇಲೆ. ಬೆಳ್ಳಿ ಬಣ್ಣದ ಮುಖವಾಡವನ್ನು ಜನರೆದುರು ದಶಕಗಟ್ಟಲೆ ತೆಗೆಯಲಿಲ್ಲ. 1984ರ ಆರಂಭದಲ್ಲಿ ಟಿವಿಯಲ್ಲಿ ಒಮ್ಮೆ ಅರ್ಧ ಮುಖ ತೋರಿಸಿದ. ಕೆಲವೇ ದಿನದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಮುಖವಾಡದ ಸಮೇತ ಮಣ್ಣು ಮಾಡಿದರು.

ಇಷ್ಟು ಬಿಗಿಯಾಗಿದ್ದ ಗುಟ್ಟು ಸಡಿಲವಾದದ್ದು ಹೇಗೆ? 1984ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜಾನ್ ಸ್ಟಾಸೆಲ್ ಎಂಬ ಟಿವಿ ವರದಿಗಾರ, ಡೇವಿಡ್ ಶುಲ್ಟ್ಸ್ ಎಂಬ ಕುಸ್ತಿಪಟುವಿನ ಮುಖಕ್ಕೇ "ಇದು ಸುಳ್ಳು ಅಂತ ನನಗನ್ನಿಸುತ್ತದೆ" ಎಂದ. ಶುಲ್ಟ್ಸ್ ಕಿವಿಯ ಮೇಲೆ ಬಾರಿಸಿ ಕೆಡವಿದ. ಸ್ಟಾಸೆಲ್ ಎದ್ದ, ಇನ್ನೊಂದು ಬಿತ್ತು. ಗುಟ್ಟನ್ನು ಕೈಯಿಂದ ಹೊಡೆದು ಕಾಯುವ ಕಾಲದ ಕೊನೆಯ ಪೆಟ್ಟುಗಳವು ಅಂತ ನನ್ನ ಲೆಕ್ಕ. ಯಾಕೆಂದರೆ ಬರೀ ನಾಲ್ಕು ವರ್ಷದ ಮೇಲೆ, 1989ರಲ್ಲಿ, ಇಂದಿನ ಡಬ್ಲ್ಯೂಡಬ್ಲ್ಯೂಇ, ಆಗ ಡಬ್ಲ್ಯೂಡಬ್ಲ್ಯೂಎಫ್ ಎನ್ನಿಸಿಕೊಳ್ಳುತ್ತಿದ್ದ ಕುಸ್ತಿ ಕಂಪನಿಯೇ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿತು. ಇದು ಸ್ಪರ್ಧೆ ಅಲ್ಲ, ಮನರಂಜನೆ ಅಂತ. ಸ್ಪರ್ಧೆ ಎಂದರೆ ಕ್ರೀಡಾ ಆಯೋಗದ ಕಟ್ಟುಪಾಡು, ತೆರಿಗೆ. ಮನರಂಜನೆ ಎಂದರೆ ಆ ತಾಪತ್ರಯ ಇಲ್ಲ. ಒಂದು ತಲೆಮಾರು ಏಟು ತಿಂದು, ಏಟು ಕೊಟ್ಟು ಕಾದಿದ್ದನ್ನು ತೆರಿಗೆ ಉಳಿಸಲು ಬಿಟ್ಟುಕೊಟ್ಟರು. ನನಗೆ ಇದರಲ್ಲಿ ದುಃಖಕ್ಕಿಂತ ನಗುವೇ ಜಾಸ್ತಿ.

ಆದರೂ ಕೇಫೇಬ್ ಸಾಯಲಿಲ್ಲ. 1996ರ ಮೇ 19ರಂದು ಅದೇ ಗಾರ್ಡನ್‌ನಲ್ಲಿ, ಟಿವಿಗೆ ಬಾರದ ಒಂದು ರಾತ್ರಿಯ ಆಟ. ಕೆವಿನ್ ನ್ಯಾಶ್, ಸ್ಕಾಟ್ ಹಾಲ್ ಇಬ್ಬರೂ ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂಗೆ ಹೊರಟಿದ್ದರು. ಆಟ ಮುಗಿದ ಮೇಲೆ ಅವರು, ಶಾನ್ ಮೈಕಲ್ಸ್, ಟ್ರಿಪಲ್ ಎಚ್ ನಾಲ್ವರೂ ರಿಂಗಿನ ನಡುವೆ ತಬ್ಬಿಕೊಂಡು ನಿಂತರು. ಒಳ್ಳೆಯವರು, ಕೆಟ್ಟವರು, ಎಲ್ಲಾ ಒಟ್ಟಿಗೆ. ನಿಜದಲ್ಲಿ ಗೆಳೆಯರು ತಾನೇ, ಬೀಳ್ಕೊಡುಗೆ ಅಷ್ಟೇ. ಒಳಗಿನವರಿಗೆ ಕೆಂಡದಂಥ ಕೋಪ. ಇಬ್ಬರು ಕಂಪನಿ ಬಿಟ್ಟು ಹೊರಟವರು, ಮೈಕಲ್ಸ್ ಚಾಂಪಿಯನ್. ಶಿಕ್ಷೆಗೆ ಸಿಕ್ಕಿದ್ದು ಟ್ರಿಪಲ್ ಎಚ್ ಒಬ್ಬನೇ. ಅವನು ಗೆಲ್ಲಬೇಕಿದ್ದ ಆ ವರ್ಷದ ಕಿಂಗ್ ಆಫ್ ದ ರಿಂಗ್ ಪಟ್ಟ ಸ್ಟೀವ್ ಆಸ್ಟಿನ್‌ಗೆ ಹೋಯಿತು. ಆ ರಾತ್ರಿಯ ಗೆಲುವಿನ ಭಾಷಣದಿಂದಲೇ ಆಸ್ಟಿನ್ ಎಲ್ಲಿಗೋ ಏರಿಬಿಟ್ಟ. ಒಂದು ತಬ್ಬುಗೆಯಿಂದ ಆದ ಅದಲುಬದಲು ನೋಡಿ!

ಮುಂದಿನ ವರ್ಷದ್ದು ಇನ್ನೂ ವಿಚಿತ್ರ. 1997ರ ನವೆಂಬರ್ 9, ಮಾಂಟ್ರಿಯಲ್. ಬ್ರೆಟ್ ಹಾರ್ಟ್ ಕೂಡ ಡಬ್ಲ್ಯೂಸಿಡಬ್ಲ್ಯೂಗೆ ಹೊರಟಿದ್ದ, ಚಾಂಪಿಯನ್ ಬೆಲ್ಟ್ ಅವನ ಬಳಿಯೇ ಇತ್ತು. ತನ್ನ ಕೆನಡಾ ಮಣ್ಣಿನಲ್ಲಿ ಮೈಕಲ್ಸ್ ಕೈಲಿ ಸೋಲಲಾರೆ ಎಂದಿದ್ದ. ಆಟ ಬೇರೆ ರೀತಿ ಮುಗಿಯುತ್ತದೆ ಅಂತ ಅವನಿಗೆ ಹೇಳಿದ್ದರು. ಮೈಕಲ್ಸ್ ಅವನ ಕಾಲು ಮಡಚಿ ಪಟ್ಟು ಹಾಕಿದಾಗ, ಮಾಲೀಕ ವಿನ್ಸ್ ಮೆಕ್‌ಮಹಾನ್ ಗಂಟೆ ಬಾರಿಸಲು ಹೇಳಿಬಿಟ್ಟ. ಬ್ರೆಟ್ ಸೋಲೊಪ್ಪಿರಲೇ ಇಲ್ಲ. ಎಲ್ಲ ಮೊದಲೇ ಮಾತಾಡಿಕೊಂಡ ಆಟದಲ್ಲಿ ಒಬ್ಬನಿಗೆ ನಿಜವಾಗಿಯೂ ಮೋಸ ಆಗಿತ್ತು. ಬ್ರೆಟ್ ವಿನ್ಸ್ ಮುಖಕ್ಕೆ ಉಗಿದ.

ಆಮೇಲೆ ಆದದ್ದು ನೋಡಿ, ಅದರಲ್ಲಿದೆ ಕೇಫೇಬ್‌ನ ಜಾಣತನ. ಜನ ವಿನ್ಸ್‌ನನ್ನು ನಿಜವಾಗಿ ದ್ವೇಷಿಸತೊಡಗಿದರು. ಆತ ಆ ದ್ವೇಷವನ್ನೇ ಎತ್ತಿಕೊಂಡು "ಮಿಸ್ಟರ್ ಮೆಕ್‌ಮಹಾನ್" ಎಂಬ ದುಷ್ಟ ಮಾಲೀಕನ ಪಾತ್ರವಾಗಿ ತೆರೆಯ ಮೇಲೆ ಬಂದ. ನಿಜವೇ ವೇಷವಾಯಿತು. ಹೊರಗಿನ ಸತ್ಯವನ್ನೂ ನುಂಗಿ ಕಥೆ ಮಾಡಿಕೊಳ್ಳುವ ಹೊಟ್ಟೆ ಅದಕ್ಕಿದೆ.

ಆ ಹೊಟ್ಟೆಗೆ ಹೆದರಬೇಕಾದ ದಿನವೂ ಬಂತು. 1999ರ ಮೇ 23, ಕಾನ್ಸಾಸ್ ಸಿಟಿ. ಬ್ರೆಟ್‌ನ ತಮ್ಮ ಓವನ್ ಹಾರ್ಟ್ ಛಾವಣಿಯಿಂದ ಹಗ್ಗದಲ್ಲಿ ಇಳಿದು ಬರಬೇಕಿತ್ತು. ಕೊಂಡಿ ಕಳಚಿ ಬಿದ್ದ, ತೀರಿಕೊಂಡ. ಟಿವಿಯಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದ ಜಿಮ್ ರಾಸ್, ಇದು ಆಟದ ಭಾಗ ಅಲ್ಲ, ನಿಜವಾಗಿ ಆಗಿದೆ ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ಪ್ರತಿ ವಾರ ಸುಳ್ಳನ್ನು ನಿಜ ಅಂತ ನಂಬಿಸಿದ ದನಿ ಅದು. ಆ ದಿನ ನಿಜವನ್ನು ನಿಜ ಅಂತ ನಂಬಿಸಲು ಒದ್ದಾಡಿತು. ನಾನು ಸುದ್ದಿ ತಿಳಿದಾಗ ಮೊದಲು ಅಂದುಕೊಂಡದ್ದು, "ಓ, ಹೊಸ ಕಥೆ." ಅದಕ್ಕೆ ಇವತ್ತಿಗೂ ನನಗೆ ನಾಚಿಕೆ ಇದೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಮ್ಯಾನ್‌ಕೈಂಡ್ ಬಿದ್ದಿದ್ದು ಸುಳ್ಳಾ? 1998ರ ಜೂನ್ 28ರಂದು ಪಿಟ್ಸ್‌ಬರ್ಗ್‌ನಲ್ಲಿ ಅಂಡರ್‌ಟೇಕರ್ ಅವನನ್ನು ಸುಮಾರು 16 ಅಡಿ ಎತ್ತರದ ಪಂಜರದ ಮೇಲಿಂದ ಎಸೆದ. ಅದು ಇಬ್ಬರೂ ಮಾತಾಡಿಕೊಂಡೇ ಮಾಡಿದ್ದು. ಆಮೇಲೆ ಅವನು ಮತ್ತೆ ಮೇಲೆ ಹತ್ತಿದ. ಈ ಸಲ ಪಂಜರದ ಮೇಲ್ಛಾವಣಿಯೇ ಬಿಟ್ಟುಕೊಂಡು ರಿಂಗಿಗೆ ಬಿದ್ದ. ಇದು ಮಾತಾಡಿಕೊಂಡಿದ್ದಲ್ಲ. ಮುರಿದ ಹಲ್ಲು ಮೂಗಿನ ಹೊಳ್ಳೆಗೆ ಸೇರಿತ್ತು. ಅಂದರೆ ಮೊದಲ ಬೀಳು ವರ್ಕ್, ಎರಡನೆಯದು ಶೂಟ್. ಆದರೆ ಎತ್ತರ ಎರಡು ಸಲವೂ ನಿಜವೇ. ಗೆಲುವು ಸೋಲು ಮಾತಾಡಿಕೊಳ್ಳಬಹುದು, ನೆಲದ ಜೊತೆ ಮಾತಾಡಿಕೊಳ್ಳಲು ಆಗುವುದಿಲ್ಲ. ಅಣ್ಣನೂ ಸರಿ, ನಾನೂ ಸರಿ. ಆದರೆ ಇಬ್ಬರೂ ನೋಡಿದ್ದು ಅರ್ಧ.

ಇವತ್ತು ಗುಟ್ಟು ಅನ್ನುವುದು ಉಳಿದಿಲ್ಲ. ಸಂಜೆ ಒಬ್ಬರ ಬೆನ್ನಿಗೆ ಒಬ್ಬರು ಕುರ್ಚಿಯಲ್ಲಿ ಹೊಡೆದುಕೊಂಡವರು ಮರುದಿನ ಒಟ್ಟಿಗೆ ನಿಂತ ಫೋಟೋ ಹಾಕುತ್ತಾರೆ. ಪಾಡ್‌ಕಾಸ್ಟ್‌ನಲ್ಲಿ ಕೂತು ಯಾವ ಪೆಟ್ಟು ಯಾರ ಐಡಿಯಾ ಅಂತ ಬಿಡಿಸಿ ಹೇಳುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ, ಆದರೂ ಕೇಳುತ್ತೇನೆ, ಏನು ಮಾಡುವುದು. ಇನ್ನೊಂದು ಚಟವೂ ಹೆಚ್ಚಾಗಿದೆ. ಬೇಕೆಂದೇ ಶೂಟ್‌ನಂತೆ ಕಾಣುವ ವರ್ಕ್ ಮಾಡುವುದು. 2011ರ ಜೂನ್‌ನಲ್ಲಿ ಸಿ.ಎಂ. ಪಂಕ್ ಸ್ಟೇಜಿನ ಮೇಲೆ ಚಕ್ಕಳಮಕ್ಕಳ ಕೂತು ತನ್ನ ಕಂಪನಿಯನ್ನೇ ಬೈದು, ಮೈಕ್ ಆಫ್ ಆಗುವವರೆಗೂ ಮಾತಾಡಿದನಲ್ಲ, ಅದು ಅದ್ಭುತ. ಅದಾದ ಮೇಲೆ ಸಿಕ್ಕವರೆಲ್ಲ ಮೈಕ್ ಹಿಡಿದು "ನಿಜ" ಹೇಳಲು ಶುರು ಮಾಡಿದರು. ಉಪ್ಪಿನಕಾಯಿಯನ್ನೇ ಊಟ ಮಾಡಿದ ಹಾಗಾಯಿತು.

ಕೇಫೇಬ್ ಕಾಯುವ ಕೆಲಸ ಈಗ ಕುಸ್ತಿಯವರಿಂದ ನಮ್ಮ ಕೈಗೆ ಬಂದಿದೆ ಅನ್ನುವುದು ನನ್ನ ಅನಿಸಿಕೆ. ನಮಗೆ ಎಲ್ಲ ಗೊತ್ತು. ಗೊತ್ತಿದ್ದೂ ಕೆಟ್ಟವನಿಗೆ ಛೀಮಾರಿ ಹಾಕುತ್ತೇವೆ, ಒಳ್ಳೆಯವನು ಏಳಲಿ ಅಂತ ಚಪ್ಪಾಳೆ ತಟ್ಟುತ್ತೇವೆ. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕುಸ್ತಿ ಹಬ್ಬ ರೆಸಲ್‌ಮೇನಿಯಾದಲ್ಲಿ 21 ಸಲ ಸೋಲೇ ಕಾಣದ ಅಂಡರ್‌ಟೇಕರ್ 2014ರ ಏಪ್ರಿಲ್ 6ರಂದು ಬ್ರಾಕ್ ಲೆಸ್ನರ್‌ಗೆ ಸೋತಾಗ ಅಷ್ಟು ದೊಡ್ಡ ಕ್ರೀಡಾಂಗಣವೇ ಸ್ತಬ್ಧವಾಯಿತು. ಯಾರೋ ಕೂತು ಬರೆದ ಸೋಲು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

2017ರಲ್ಲಿ ರೋಮನ್ ರೇನ್ಸ್‌ಗೆ ಸೋತ ಮೇಲೆ ಅಂಡರ್‌ಟೇಕರ್ ತನ್ನ ಗ್ಲೌಸು, ಕೋಟು, ಟೋಪಿಯನ್ನು ರಿಂಗಿನ ನಡುವೆ ಇಟ್ಟ. ಹೊರಗೆ ಬಂದವನು ಮೊದಲ ಸಾಲಿನಲ್ಲಿದ್ದ ಹೆಂಡತಿಗೆ ಮುತ್ತು ಕೊಟ್ಟ. ವರ್ಷಗಟ್ಟಲೆ ಸತ್ತವನ ವೇಷ ಹೊತ್ತಿದ್ದ ಮನುಷ್ಯ! ನನಗೆ ಅಳು ಬಂತು. ಅಣ್ಣನಿಗೆ ಫೋನ್ ಮಾಡಿದೆ. "ನೋಡಿದ್ಯಾ?" ಅಂದೆ. "ನೋಡ್ದೆ, ಮುಗೀತು ಕಣೋ" ಅಂದ. ಅವನ ಗಂಟಲೂ ಕಟ್ಟಿತ್ತು.

ಮುಂದಿನ ವರ್ಷ ಅಂಡರ್‌ಟೇಕರ್ ವಾಪಸ್ ಬಂದು ಜಾನ್ ಸೀನಾನನ್ನು ಕೆಲವೇ ನಿಮಿಷದಲ್ಲಿ ಮುಗಿಸಿ ಹೋದ.