ವಿಂಡೋಸ್ 10 ನಿಂತುಹೋಯಿತು, ಅಂಗಡಿ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಬಹುದಾ?

ಪ್ರಶ್ನೆ: ನಮ್ದು ಬೆಟಗೇರಿಯೊಳಗ ಸಣ್ಣ ಡಿಟಿಪಿ ಅಂಗಡಿ ಐತಿ ಸರ. ಎರಡು ಕಂಪ್ಯೂಟರ್ ಅದಾವ, ಎರಡೂ ಹಳೇವು, ವಿಂಡೋಸ್ 10. ಹನ್ನೊಂದು ಹಾಕಾಕ ಬರಂಗಿಲ್ಲ ಅಂತ ತೋರಸ್ತೈತಿ. ಹೊಸಾವು ತಗೊಳ್ಳಾಕ ಈಗ ರೊಕ್ಕ ಇಲ್ಲ. ಕೋರೆಲ್, ನುಡಿ, ಟ್ಯಾಲಿ, ಇಷ್ಟ ನಮ್ಮ ಕೆಲಸ. ಲಿನಕ್ಸ್ ಫ್ರೀ ಐತಿ, ವೈರಸ್ ಬರಂಗಿಲ್ಲ ಅಂತ ಇಂಜಿನಿಯರಿಂಗ್ ಓದೋ ನಮ್ಮ ಅಳಿಯ ಹೇಳ್ತಾನ. ವಿಂಡೋಸಿಗಿಂತ ಅದು ಛಲೋನಾ? ಹಾಕಿಸಬಹುದಾ?

ಉತ್ತರ: ಒಂದಕ್ಕೆ ಹಾಕಿಸಿ. ಇನ್ನೊಂದಕ್ಕೆ ಸದ್ಯ ಬೇಡ. ಲಿನಕ್ಸ್ ಅಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಆಪರೇಟಿಂಗ್ ಸಿಸ್ಟಮ್.

ಹೀಗೆ ಅರ್ಧರ್ಧ ಹೇಳುವುದಕ್ಕೆ ಕಾರಣ ಇದೆ. ಧಾರವಾಡದ ಹಾಸ್ಟೆಲಿನಲ್ಲಿರುವ ಹುಡುಗ ಇದೇ ಪ್ರಶ್ನೆ ಕೇಳಿದ್ದರೆ, ಕಣ್ಣು ಮುಚ್ಚಿ ಹಾಕು ಅನ್ನುತ್ತಿದ್ದೆ. ಬ್ರೌಸರ್, ಪಿಡಿಎಫ್, ಸಿನಿಮಾ, ಸ್ವಲ್ಪ ಪ್ರೋಗ್ರಾಮಿಂಗ್. ಅಷ್ಟಕ್ಕೆ ಲಿನಕ್ಸ್ ಬೇಕಾದಷ್ಟಾಯಿತು. ನಿಮ್ಮದು ಹಾಗಲ್ಲ. ಮುದ್ರಣ ಕಾಶಿ ಅನ್ನಿಸಿಕೊಂಡ ಗದಗಿನಲ್ಲಿ ಡಿಟಿಪಿ ಅಂಗಡಿ ಇಟ್ಟವರ ಕಂಪ್ಯೂಟರಿನಲ್ಲಿ ಹತ್ತಾರು ವರ್ಷದ ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಕರಪತ್ರಗಳ ಫೈಲುಗಳಿರುತ್ತವೆ. ಅವು ತೆರೆಯದಿದ್ದರೆ ಯಾವ ಆಪರೇಟಿಂಗ್ ಸಿಸ್ಟಮ್ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ?

ಮೊದಲು ವಿಂಡೋಸ್ 10ರ ವಿಷಯ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು. ಅಂದರೆ ಕಂಪ್ಯೂಟರ್ ಬಂದ್ ಆಗಲಿಲ್ಲ. ಇಂದಿಗೂ ಶುರುವಾಗುತ್ತದೆ, ಪ್ರಿಂಟ್ ಕೊಡುತ್ತದೆ. ಆದರೆ ಹೊಸದಾಗಿ ಸಿಗುವ ಭದ್ರತಾ ದೋಷಗಳಿಗೆ ರಿಪೇರಿ ತಾನಾಗಿ ಬರುವುದಿಲ್ಲ. ಹನ್ನೊಂದು ನಿಮ್ಮ ಕಂಪ್ಯೂಟರಿಗೆ ಯಾಕೆ ಒಲ್ಲೆ ಅನ್ನುತ್ತದೆ? ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಎಂಟನೇ ತಲೆಮಾರು ಬಂದಿದ್ದೇ 2017ರಲ್ಲಿ. ಅದಕ್ಕೂ ಹಿಂದಿನದಾದರೆ ಐ7ನಂಥ ದುಬಾರಿ ಪ್ರೊಸೆಸರ್ ಇದ್ದರೂ ನಡೆಯುವುದಿಲ್ಲ. ಈ ತಪಾಸಣೆ ತಪ್ಪಿಸಿ ಹನ್ನೊಂದನ್ನು ಕೂಡಿಸಿಕೊಡುವ ಹುಡುಗರು ಹುಬ್ಬಳ್ಳಿಯಲ್ಲೂ ಇದ್ದಾರೆ, ನಿಮ್ಮೂರಲ್ಲೂ ಇದ್ದಾರು. ಅಂಥ ಕಂಪ್ಯೂಟರಿಗೆ ಮುಂದೆ ಅಪ್‌ಡೇಟ್ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ಅಂಗಡಿಯ ಕೆಲಸಕ್ಕೆ ಆ ದಾರಿ ಬೇಡ.

ಇನ್ನು ಫ್ರೀ ಅನ್ನುವ ಮಾತು. ಲಿನಕ್ಸನ್ನು 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಅನ್ನುವ ವಿದ್ಯಾರ್ಥಿ ಶುರು ಮಾಡಿದರು. ಅದರ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಹಾಗಾಗಿ ಅದರ ಮೇಲೆ ಕಟ್ಟಿದ ಉಬುಂಟು, ಮಿಂಟ್, ಡೆಬಿಯನ್ ಥರದ ಹತ್ತಾರು ಸಿಸ್ಟಮ್‌ಗಳು ಬಂದಿವೆ. ನಮ್ಮ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಕೂಡ ಬಾಸ್ ಅಂತ ಒಂದನ್ನು ಮಾಡಿದೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ನಿಮ್ಮ ಆಂಡ್ರಾಯ್ಡ್ ಮೊಬೈಲಿನ ಬುಡದಲ್ಲಿ ಇರುವುದೂ ಲಿನಕ್ಸೇ. ಹಾಗಾಗಿ ಇದೇನೋ ಅರೆಬೆಂದ ವಸ್ತು ಅನ್ನುವ ಅನುಮಾನ ಬೇಡ.

ಆದರೆ ರೊಕ್ಕ ಉಳಿಯುತ್ತದೆ ಅನ್ನುವ ಮಾತು ನಮ್ಮ ಕಡೆ ಅಷ್ಟು ಸಲ್ಲುವುದಿಲ್ಲ. ನಿಜ ಹೇಳಿ, ವಿಂಡೋಸಿಗೆ ಎಷ್ಟು ಜನ ರೊಕ್ಕ ಕೊಟ್ಟಿದ್ದಾರೆ? ಫಾರ್ಮ್ಯಾಟ್ ಹೊಡೆಸುವಾಗ ಅಂಗಡಿಯವನು ಹಾಕಿಕೊಟ್ಟಿದ್ದೇ ವಿಂಡೋಸ್, ಅದರ ಜೊತೆಗೆ ಬಂದಿದ್ದೇ ಡಿಸೈನ್ ಮಾಡುವ ಕೋರೆಲ್. ಆ ಕಳ್ಳ ಕಾಪಿಯನ್ನು ಆಕ್ಟಿವೇಟ್ ಮಾಡುವ ಪುಟ್ಟ ಪ್ರೋಗ್ರಾಮ್ ಹಾಕುವ ಮೊದಲು ಆಂಟಿವೈರಸ್ ಬಂದ್ ಮಾಡುತ್ತಾರೆ, ಗಮನಿಸಿದ್ದೀರಾ? ಒಳಗೆ ಇನ್ನೇನು ಬಂತು ಅಂತ ಯಾರಿಗೂ ಗೊತ್ತಿಲ್ಲ. ಲಿನಕ್ಸಿನಿಂದ ನಿಮಗೆ ಸಿಗುವ ದೊಡ್ಡ ಲಾಭ ಇದು: ಎಲ್ಲವೂ ಕಾಯ್ದೆ ಪ್ರಕಾರ, ಎಲ್ಲವೂ ಮೂಲದಿಂದಲೇ, ಅಪ್‌ಡೇಟ್ ಸಹಿತ.

ಈಗ ಅಸಲು ತೊಡಕಿಗೆ ಬರೋಣ. ಅದು ಲಿನಕ್ಸಿನದ್ದಲ್ಲ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಫಾಂಟಿನದ್ದು.

ನಿಮ್ಮ ಹಳೆಯ ಫೈಲುಗಳಲ್ಲಿ ಕಾಣುವುದು ಕನ್ನಡ. ಆದರೆ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ದೊಡ್ಡಾಟದಲ್ಲಿ ಗಂಡಸರೇ ಸ್ತ್ರೀವೇಷ ಹಾಕುತ್ತಾರಲ್ಲ, ಹಾಗೆ. ನುಡಿ ಫಾಂಟ್ ಅನ್ನುವ ವೇಷ ಇರುವ ತನಕ ಕನ್ನಡ, ವೇಷ ಕಳಚಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಎಲ್ಲ ಭಾಷೆಗಳಿಗೂ ಸೇರಿ ಮಾಡಿದ ಸಂಕೇತ ಪದ್ಧತಿ ಯೂನಿಕೋಡ್ ಹಾಗಲ್ಲ. ಅದರಲ್ಲಿ 'ಕ' ಅಂದರೆ ಯಾವ ಕಂಪ್ಯೂಟರಿನಲ್ಲೂ, ಯಾವ ಮೊಬೈಲಿನಲ್ಲೂ 'ಕ'. ಡಿಟಿಪಿಯವರು ಇನ್ನೂ ಹಳೆಯ ಪದ್ಧತಿ ಬಿಡದಿರುವುದು ಹಟದಿಂದ ಅಲ್ಲ. ಪುಟ ಜೋಡಿಸುವ ಪೇಜ್‌ಮೇಕರಿಗೆ, ಕೋರೆಲ್‌ನ ಹಳೆಯ ಆವೃತ್ತಿಗಳಿಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ಅದನ್ನೇ ಇನ್ನೂ ನಡೆಸುತ್ತಿರುವ ಅಂಗಡಿಗಳು ಎಷ್ಟಿಲ್ಲ!

ಲಿನಕ್ಸಿನಲ್ಲಿ ಏನಾಗುತ್ತದೆ ಅಂದರೆ, ನುಡಿ ಫಾಂಟಿನ ಫೈಲುಗಳನ್ನು ಕಾಪಿ ಮಾಡಿ ಹಾಕಿಕೊಂಡರೆ ಹಳೆಯ ವರ್ಡ್ ಫೈಲುಗಳು ವರ್ಡ್ ಥರದ್ದೇ ಪುಕ್ಕಟೆ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲಿ ಬಹುಪಾಲು ಸರಿಯಾಗಿ ಕಾಣುತ್ತವೆ. ಓದಬಹುದು, ಪ್ರಿಂಟ್ ತೆಗೆಯಬಹುದು. ಆದರೆ ಅದೇ ಹಳೆಯ ಸಂಕೇತದಲ್ಲಿ ಹೊಸದಾಗಿ ಟೈಪ್ ಮಾಡಲು ನುಡಿ ತಂತ್ರಾಂಶ ಬೇಕು, ಅದು ವಿಂಡೋಸಿಗೆ ಮಾಡಿದ್ದು. ಯೂನಿಕೋಡಿನಲ್ಲಿ ಟೈಪ್ ಮಾಡುವುದಾದರೆ ಯಾವ ತೊಂದರೆಯೂ ಇಲ್ಲ. ಕೆ.ಪಿ. ರಾವ್ ರೂಪಿಸಿದ, ನೀವು ನುಡಿಯಲ್ಲಿ ಬಳಸುವ ಕೀಲಿಮಣೆ ವಿನ್ಯಾಸವೇ ಲಿನಕ್ಸಿನಲ್ಲಿ ಕೆಜಿಪಿ ಅನ್ನುವ ಹೆಸರಲ್ಲಿ ಸಿಗುತ್ತದೆ. ಬೆರಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಗುಬ್ಬಿ, ನವಿಲು, ಲೋಹಿತ್, ನೋಟೋ ಫಾಂಟುಗಳೂ ಪುಕ್ಕಟೆ. ಆದರೆ ಲಗ್ನಪತ್ರಿಕೆಯ ತಲೆಬರಹಕ್ಕೆ ನೀವು ಹಾಕುವ ಬಗೆಬಗೆಯ ಅಲಂಕಾರದ ಅಕ್ಷರ ಇವುಗಳಲ್ಲಿ ಇಲ್ಲ. ಗಿರಾಕಿಗೆ ಅದೇ ಮುಖ್ಯ, ಅಲ್ವಾ?

ಕೋರೆಲ್ ಡ್ರಾ ಲಿನಕ್ಸಿಗೆ ಬರುವುದಿಲ್ಲ. ಅದರ ಜಾಗಕ್ಕೆ ಇಂಕ್‌ಸ್ಕೇಪ್ ಇದೆ, ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಇದೆ, ಫೋಟೋ ಕೆಲಸಕ್ಕೆ ಗಿಂಪ್ ಇದೆ. ಮೂರೂ ಒಳ್ಳೆಯವೇ. ಸ್ಕ್ರೈಬಸ್ 1.6ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡುತ್ತದೆ. ಹೊಸದಾಗಿ ಅಂಗಡಿ ತೆರೆಯುವವರಿಗೆ ಇವುಗಳಿಂದಲೇ ಶುರು ಮಾಡಿ ಅನ್ನುತ್ತೇನೆ. ನಿಮಗೆ ಹೇಳಲಾರೆ. ಇಂಕ್‌ಸ್ಕೇಪ್ ಕೋರೆಲ್ ಫೈಲನ್ನು ತೆರೆಯುತ್ತದೆ, ನಿಜ. ಹೂವು, ಬಳ್ಳಿ, ಚೌಕಟ್ಟು ಸಾಮಾನ್ಯವಾಗಿ ಬರುತ್ತವೆ. ಅಕ್ಷರ ಮಾತ್ರ ಎಲ್ಲೆಲ್ಲೋ ಹೋಗಿ ಕೂರುತ್ತದೆ. ವೈನ್ ಅನ್ನುವ ಸಾಧನದಿಂದ ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ಓಡಿಸಬಹುದು ಅಂತ ನಿಮ್ಮ ಅಳಿಯ ಹೇಳಬಹುದು. ಕೆಲವು ಓಡುತ್ತವೆ, ಕೆಲವು ಓಡುವುದಿಲ್ಲ. ನಾಳೆ ಬೆಳಿಗ್ಗೆ ಲಗ್ನಪತ್ರಿಕೆ ಕೊಡಬೇಕಾದವರು ಅದನ್ನು ನಂಬಿ ಕೂರಬಾರದು. ಲೆಕ್ಕ ಇಡುವ ಟ್ಯಾಲಿಯೂ ವಿಂಡೋಸಿಗೇ ಮಾಡಿದ್ದು. ಅದು ಇರುವ ಕಡೆಯೇ ಇರಲಿ.

ಪ್ರಿಂಟರ್ ನೋಡಿಕೊಳ್ಳಿ. ಎಚ್‌ಪಿಯ ಬಹಳಷ್ಟು ಪ್ರಿಂಟರುಗಳು ಲಿನಕ್ಸಿಗೆ ತಾವಾಗಿಯೇ ಹೊಂದಿಕೊಳ್ಳುತ್ತವೆ, ಎಪ್ಸನ್ ಇಂಕ್ ಟ್ಯಾಂಕಿಗೂ ಡ್ರೈವರ್ ಸಿಗುತ್ತದೆ. ಆದರೆ ನಮ್ಮ ಝೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಇದೆಯಲ್ಲ, ಅದನ್ನು ಲಿನಕ್ಸಿಗೆ ಒಗ್ಗಿಸುವುದು ತಲೆನೋವಿನ ಕೆಲಸ. ಸಾಧ್ಯವಿಲ್ಲ ಅಂತಲ್ಲ, ಆದರೆ ಗೊತ್ತಿರುವವರು ಕೂತು ಮಾಡಬೇಕು. ಸ್ಟಿಕರ್ ಕತ್ತರಿಸುವ ಪ್ಲಾಟರ್, ಆಧಾರ್ ಬೆರಳಚ್ಚಿನ ಯಂತ್ರ ಇದ್ದರೆ ಅವೂ ಹೆಚ್ಚಾಗಿ ವಿಂಡೋಸನ್ನೇ ಕೇಳುತ್ತವೆ.

ವೈರಸ್ ಬರುವುದೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಲಿನಕ್ಸಿಗೂ ದುಷ್ಟ ಪ್ರೋಗ್ರಾಮುಗಳಿವೆ, ಮೋಸದ ವೆಬ್‌ಸೈಟಿನಲ್ಲಿ ಓಟಿಪಿ ಕೊಟ್ಟರೆ ಯಾವ ಸಿಸ್ಟಮ್ ಇದ್ದರೂ ರೊಕ್ಕ ಹೋಗುತ್ತದೆ. ಆದರೆ ನಿಮ್ಮಂಥ ಅಂಗಡಿಗೆ ದಿನಾ ಕಾಡುವ ಪಿಡುಗು ಬೇರೆಯೇ. ಗಿರಾಕಿ ಪೆನ್‌ಡ್ರೈವ್ ತರುತ್ತಾನೆ. ಹಾಕಿದ ಕೂಡಲೇ ಫೋಲ್ಡರುಗಳೆಲ್ಲ ಮಾಯವಾಗಿ ಶಾರ್ಟ್‌ಕಟ್ ಕಾಣುತ್ತವೆ. ಒಂದರ ಮೇಲೆ ಕ್ಲಿಕ್ ಮಾಡಿದರೆ ಮುಗಿಯಿತು, ಮುಂದೆ ಬರುವ ಎಲ್ಲ ಗಿರಾಕಿಗಳಿಗೂ ನೀವೇ ಹಂಚುತ್ತೀರಿ. ಆ ವೈರಸ್ ವಿಂಡೋಸಿಗೆ ಬರೆದದ್ದು. ಲಿನಕ್ಸಿನಲ್ಲಿ ಅದು ಸುಮ್ನೆ ಒಂದು ಫೈಲ್ ಅಷ್ಟೇ, ಓಡುವುದಿಲ್ಲ. ಬಚ್ಚಿಟ್ಟ ಅಸಲಿ ಫೋಲ್ಡರುಗಳು ಹಾಗೇ ಕಾಣುತ್ತವೆ. ಬೇಕಾದ್ದನ್ನು ಎತ್ತಿಕೊಂಡು ಉಳಿದದ್ದನ್ನು ಅಳಿಸಬಹುದು. ನನ್ನ ಕೇಳಿದರೆ, ಒಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಲು ಈ ಕಾರಣ ಒಂದೇ ಸಾಕು.

ಹಾಗಾದರೆ ಕೆಲಸ ಹಂಚುವುದು ಹೇಗೆ? ಗಿರಾಕಿಗಳ ಎದುರಿಗಿರುವ ಕಂಪ್ಯೂಟರಿಗೆ ಲಿನಕ್ಸ್. ಪೆನ್‌ಡ್ರೈವ್, ವಾಟ್ಸಾಪ್ ವೆಬ್, ಇಮೇಲ್, ಆನ್‌ಲೈನ್ ಅರ್ಜಿ, ಪಿಡಿಎಫ್ ಪ್ರಿಂಟ್ ಎಲ್ಲ ಅಲ್ಲೇ. ನನ್ನ ಆಯ್ಕೆ ಲಿನಕ್ಸ್ ಮಿಂಟ್, ಅದರಲ್ಲೂ ಹಳೆಯ ಕಂಪ್ಯೂಟರಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ವಿಂಡೋಸ್ ಬಳಸಿದ ಕೈಗೆ ಅಷ್ಟೇನೂ ಹೊಸತು ಅನ್ನಿಸುವುದಿಲ್ಲ. 4 ಜಿಬಿ ರ್‍ಯಾಮ್ ಇದ್ದರೆ ನಡೆಯುತ್ತದೆ. ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಬರುತ್ತದೆ, ಅದೂ ನಡು ಕೆಲಸದಲ್ಲಿ ಜಬರದಸ್ತಿಯಿಂದ ರೀಸ್ಟಾರ್ಟ್ ಮಾಡಿಸದೆ. ಇನ್ನೂ ಹಳೆಯ ಹಾರ್ಡ್ ಡಿಸ್ಕೇ ಇದ್ದರೆ ತೆಗೆಸಿ, ಅದರ ಜಾಗಕ್ಕೆ ಬರುವ ವೇಗದ ಡಿಸ್ಕ್ ಆದ ಸಣ್ಣ ಎಸ್‌ಎಸ್‌ಡಿ ಹಾಕಿಸಿ. ವೇಗದ ವಿಷಯದಲ್ಲಿ ವಿಂಡೋಸ್-ಲಿನಕ್ಸ್ ವ್ಯತ್ಯಾಸಕ್ಕಿಂತ ಇದರ ವ್ಯತ್ಯಾಸ ಜಾಸ್ತಿ.

ಹಾಕಿಸುವ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ಹಾರ್ಡ್ ಡಿಸ್ಕಿಗೆ ಏನೂ ಆಗುವುದಿಲ್ಲ. ಸ್ವಲ್ಪ ನಿಧಾನ ಇರುತ್ತದೆ, ಆದರೆ ವೈಫೈ, ಸ್ಕ್ಯಾನರ್, ಪ್ರಿಂಟರ್ ಸಿಗುತ್ತವಾ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಹಳೆಯ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಂಡೇ ಮುಂದಿನ ಹೆಜ್ಜೆ. ಹಾಕುವಾಗ ಪೂರ್ತಿ ಡಿಸ್ಕ್ ಅಳಿಸಲಾ ಅಂತ ಅದು ಕೇಳುತ್ತದೆ, ಓದದೆ ಮುಂದೆ ಒತ್ತಿದರೆ ಎಲ್ಲವೂ ಹೋಗುತ್ತದೆ. ಲಗ್ನದ ಸೀಸನ್ನಿನಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಇನ್ನೊಂದು: ಕೆಟ್ಟರೆ ನೋಡುವವರು ಯಾರು? ಫಾರ್ಮ್ಯಾಟ್ ಹೊಡೆಯುವ ಅಂಗಡಿಯವರಲ್ಲಿ ಬಹಳ ಜನರಿಗೆ ಲಿನಕ್ಸ್ ಗೊತ್ತಿಲ್ಲ. ಅಳಿಯ ಓದು ಮುಗಿಸಿ ಬೆಂಗಳೂರಿಗೆ ಹೋಗುತ್ತಾನೆ. ಅವನು ಇಡುವ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಹೊಸದೇನು ಹಾಕಬೇಕಾದರೂ ಲಿನಕ್ಸ್ ಅದನ್ನು ಕೇಳುತ್ತದೆ.

ಡಿಸೈನ್ ಮಾಡುವ ಕಂಪ್ಯೂಟರ್ ವಿಂಡೋಸ್ 10ರಲ್ಲೇ ಇರಲಿ. ಅಸಲಿ ವಿಂಡೋಸ್ ಆಗಿದ್ದರೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರ ತನಕ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪುಕ್ಕಟೆ ಸಿಗುತ್ತದೆ. ಆ ಗಡುವು ಮುಗಿದ ಮೇಲೆ, ಅಥವಾ ಕಾಪಿ ವಿಂಡೋಸ್ ಆಗಿದ್ದರೆ ಇವತ್ತಿನಿಂದಲೇ, ಅದರ ಇಂಟರ್ನೆಟ್ ತೆಗೆದುಬಿಡಿ. ಕೋರೆಲ್‌ಗೂ ನುಡಿಗೂ ಇಂಟರ್ನೆಟ್ ಬೇಕಿಲ್ಲ. ಜಿಎಸ್‌ಟಿ ರಿಟರ್ನ್ ಸಲ್ಲಿಸುವುದನ್ನು ಲಿನಕ್ಸ್ ಕಂಪ್ಯೂಟರಿನ ಬ್ರೌಸರಿನಲ್ಲಿ ಮಾಡಬಹುದು. ಡಿಜಿಟಲ್ ಸಹಿಯ ಟೋಕನ್ ಬಳಸುವವರಾದರೆ ಮೊದಲು ನಿಮ್ಮ ಲೆಕ್ಕಪತ್ರದವರ ಹತ್ತಿರ ಕೇಳಿ. ಗಿರಾಕಿ ಕಳಿಸಿದ ಫೋಟೋ, ಮ್ಯಾಟರ್ ಮೊದಲು ಲಿನಕ್ಸಿಗೆ ಬರಲಿ. ಅಲ್ಲಿಂದ ಅಂಗಡಿಯದೇ ಒಂದು ಪೆನ್‌ಡ್ರೈವಿನಲ್ಲಿ ಬೇಕಾದ ಫೈಲ್ ಮಾತ್ರ ಡಿಸೈನ್ ಕಂಪ್ಯೂಟರಿಗೆ ಹೋಗಲಿ. ಆ ಪೆನ್‌ಡ್ರೈವನ್ನು ಗಿರಾಕಿಗಳ ಕೈಗೆ ಕೊಡಬೇಡಿ.