ಹತ್ತು ಕಿಲೋ ಹೊರುವ ಟ್ರೈಪಾಡ್ ಅಲುಗುವುದೇಕೆ?

ಪ್ರಶ್ನೆ: ಪ್ರವಾಸಕ್ಕೆ ಒಯ್ಯಲು ಚಿಕ್ಕದಾದ, ಹಗುರವಾದ ಟ್ರೈಪಾಡ್ ಬೇಕು. ನನ್ನ ಕ್ಯಾಮೆರಾ, ಲೆನ್ಸ್ ಎರಡೂ ಸೇರಿ ಒಂದೂವರೆ ಕಿಲೋ. ನೋಡಿಟ್ಟಿರುವ ಟ್ರೈಪಾಡ್ ಒಂದು ಕಿಲೋ ತೂಗುತ್ತದೆ, ಹತ್ತು ಕಿಲೋ ಹೊರುತ್ತದೆ ಎಂದು ಡಬ್ಬಿಯ ಮೇಲಿದೆ. ಧಾರಾಳವಾಗಿ ಸಾಕಲ್ಲವೇ?

ಉತ್ತರ: ಜೋಗ, ಕೊಡಗು, ಚಿಕ್ಕಮಗಳೂರಿನ ಕಡೆ ಜನ ಹೊರಟರೆಂದರೆ ಈ ಪ್ರಶ್ನೆ ಬರಲು ಶುರು. ಕೇಳುವವರು ಬದಲಾಗುತ್ತಾರೆ, ಹತ್ತು ಕಿಲೋ ಬದಲಾಗುವುದಿಲ್ಲ. ಅದನ್ನು ನಂಬಬೇಡಿ ಎಂದರೆ ಮರುದಿನ ಹದಿನೈದು ಕಿಲೋ ಹೊರುವ ಇನ್ನೊಂದನ್ನು ತೋರಿಸಿ, ಇದಾದರೆ ಆದೀತೇ ಎಂದು ಕೇಳುತ್ತಾರೆ.

ಕೊಳ್ಳುವ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಮಡಿಸಿದಾಗ 40ರಿಂದ 45 ಸೆಂಟಿಮೀಟರ್ ಉದ್ದ, ಬಾಲ್ ಹೆಡ್ (ಕ್ಯಾಮೆರಾವನ್ನು ಹಿಡಿದು ಬೇಕಾದ ಕಡೆ ಓರೆಯಾಗುವ ತಲೆಭಾಗ) ಸೇರಿ ಒಂದೂಕಾಲರಿಂದ ಒಂದೂವರೆ ಕಿಲೋ ತೂಕ, ಕಾಲಿಗೆ ಒಂದರೊಳಗೊಂದು ಸರಿಯುವ ನಾಲ್ಕು ತುಂಡು, ನಡುವಿನ ಕಂಬವನ್ನು ಎತ್ತದೆಯೇ ಎದೆಮಟ್ಟಕ್ಕೆ ಬರುವ ಎತ್ತರ. ಕಣ್ಣಿನ ಮಟ್ಟಕ್ಕೆ ಬರಲೇಬೇಕೆಂಬ ಹಟ ಬೇಡ, ಈಗಿನ ಹಲವು ಕ್ಯಾಮೆರಾಗಳ ಪರದೆಯನ್ನು ಬೇಕಾದ ಕಡೆ ತಿರುಗಿಸಬಹುದು. ಕಾರ್ಬನ್ ಫೈಬರ್ ಹಗುರ, ದುಬಾರಿ. ಅಲ್ಯೂಮಿನಿಯಂ ಒಂದಿಷ್ಟು ಭಾರ, ಅಗ್ಗ. ಕೈಗೆಟುಕಿದ್ದನ್ನು ಕೊಳ್ಳಿ. ಯಾವ ಕಂಪನಿ ಎಂದು ಕೇಳಬೇಡಿ, ಹೇಳುವುದಿಲ್ಲ.

ಈಗ ಆ ಹತ್ತು ಕಿಲೋ ವಿಚಾರ. ಕಂಪನಿಗಳೆಲ್ಲ ಒಪ್ಪಿ ಪಾಲಿಸುವ ಒಂದೇ ಅಳತೆಗೋಲು ಇದಕ್ಕೆ ಇಲ್ಲ. ಒಬ್ಬರಿಗೆ ಅದು ಕಾಲು ಜಾರದೆ ನಿಲ್ಲುವ ಭಾರ, ಇನ್ನೊಬ್ಬರಿಗೆ ಹೆಡ್ ಬಾಗದೆ ಹಿಡಿದುಕೊಳ್ಳುವ ಭಾರ, ಮತ್ತೊಬ್ಬರು ಅದರಲ್ಲೇ ಒಂದಷ್ಟು ಕಳೆದು ಜೋಪಾನವಾಗಿ ಬರೆಯುತ್ತಾರೆ. ಆದ್ದರಿಂದ ಎರಡು ಡಬ್ಬಿಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಅಂಕಿ ಪ್ರಾಮಾಣಿಕವಾಗಿದ್ದರೂ ಅದು ಉತ್ತರಿಸುವ ಪ್ರಶ್ನೆಯೇ ಬೇರೆ. ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ ನೂರು ಕಿಲೋದ ಮನುಷ್ಯನನ್ನು ಹೊರುತ್ತದೆ. ಅದರ ಮೇಲೆ ಹತ್ತಿ ನಿಂತು ಬಲ್ಬ್ ಬದಲಾಯಿಸಿ ನೋಡಿ, ಹೊರುವುದು ಬೇರೆ, ಅಲುಗದಿರುವುದು ಬೇರೆ ಎಂದು ತಿಳಿಯುತ್ತದೆ. ನಿಮ್ಮ ಒಂದೂವರೆ ಕಿಲೋ ಕ್ಯಾಮೆರಾದಿಂದ ಯಾವ ಟ್ರೈಪಾಡೂ ಕುಸಿಯುವುದಿಲ್ಲ. ಚಿತ್ರ ಕೆಡುವುದು ಗಾಳಿಗೆ, ಬಟನ್ ಒತ್ತುವ ಬೆರಳಿಗೆ, ಪಕ್ಕದಲ್ಲಿ ಓಡುವ ಮಕ್ಕಳಿಗೆ ಕಾಲುಗಳು ತಿರುಚಿಕೊಂಡು ನಡುಗುವುದರಿಂದ.

ನಡುಕವನ್ನು ತಡೆಯುವುದು ಮುಖ್ಯವಾಗಿ ಕಾಲಿನ ಕೊಳವೆಯ ವ್ಯಾಸ. ಕೊಳವೆಯ ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ ಅರ್ಧವಾದರೆ, ಬಾಗುವಿಕೆಯನ್ನು ತಡೆಯುವ ಶಕ್ತಿ ಅರ್ಧವಾಗುವುದಿಲ್ಲ, ಹೆಚ್ಚುಕಡಿಮೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಐದು ತುಂಡಿನ ಕಾಲನ್ನು ತೆಗೆದುಕೊಳ್ಳಿ. ಮೇಲಿನ ಕೊಳವೆ 25 ಮಿಲಿಮೀಟರ್ ಇದ್ದು, ತುಂಡಿನಿಂದ ತುಂಡಿಗೆ 3 ಮಿಲಿಮೀಟರ್ ಕಡಿಮೆಯಾದರೆ, ನೆಲ ಮುಟ್ಟುವ ಕೊಳವೆ 13 ಮಿಲಿಮೀಟರ್. ಬರೆಯುವ ಪೆನ್ನಿಗಿಂತ ತುಸು ದಪ್ಪ! ಡಬ್ಬಿಯ ಮೇಲೆ ಬರೆಯಬೇಕಾದ ಅಂಕಿ ಅದು, ಆದರೆ ಬರೆಯುವುದಿಲ್ಲ. ಮಡಿಸಿದಾಗ ಗಿಡ್ಡವಾಗಿ ಕಾಣಬೇಕೆಂದು ತುಂಡುಗಳನ್ನು ಹೆಚ್ಚಿಸಿದಷ್ಟೂ ಕೊನೆಯದು ಸಪೂರವಾಗುತ್ತದೆ. ಕಾಲನ್ನು ಪೂರ್ತಿ ಎಳೆಯಬೇಕಿಲ್ಲದಾಗ ಆ ಸಪೂರ ತುಂಡನ್ನೇ ಒಳಗೆ ಬಿಡಿ ಎಂದು ನಾನು ಹೇಳುತ್ತಿರುವುದು ಇದೇ ಕಾರಣಕ್ಕೆ. ನಡುವಿನ ಕಂಬ ಎತ್ತುವುದಂತೂ ಇನ್ನೂ ಕೆಟ್ಟದ್ದು, ಮೂರು ಕಾಲಿನ ಮೇಲೆ ಒಂಟಿ ಕಾಲನ್ನು ನಿಲ್ಲಿಸಿದಂತೆಯೇ.

ಅಂಗಡಿಯಲ್ಲಿ ಪರೀಕ್ಷಿಸುವುದು ಹೀಗೆ. ನಿಮ್ಮ ಕ್ಯಾಮೆರಾವನ್ನು, ನಿಮ್ಮಲ್ಲಿರುವ ಅತಿ ಉದ್ದದ ಲೆನ್ಸಿನೊಂದಿಗೆ ಕೂರಿಸಿ. ರಸ್ತೆಯಾಚೆಯ ಯಾವುದಾದರೂ ಬೋರ್ಡಿನ ಅಕ್ಷರಕ್ಕೆ ಫೋಕಸ್ ಮಾಡಿ, ಪರದೆಯ ಮೇಲೆ ಆ ಅಕ್ಷರವನ್ನು ಆದಷ್ಟು ಹಿಗ್ಗಿಸಿ. ಲೆನ್ಸಿನ ಕಂಪನ ತಡೆ ಆಫ್ ಆಗಿರಲಿ. ಈಗ ಒಂದು ಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಕ್ಷರ ಕುಣಿಯುತ್ತದೆ, ಎಲ್ಲ ಟ್ರೈಪಾಡಿನಲ್ಲೂ ಕುಣಿಯುತ್ತದೆ. ಎಷ್ಟು ಬೇಗ ನಿಲ್ಲುತ್ತದೆ ಎನ್ನುವುದನ್ನು ನೋಡಿ. ಆಮೇಲೆ ಹೆಡ್ಡನ್ನು ಹಿಡಿದು, ಕಾಲುಗಳು ನೆಲ ಬಿಡದಂತೆ ಎಡಬಲ ತಿರುಚಿ. ಬುಡದಲ್ಲಿ ಕಟಕಟ ಎಂದರೆ ಬಿಟ್ಟು ಬನ್ನಿ, ಅಂಗಡಿಯವರು ಮುಖ ಗಂಟಿಕ್ಕಿದರೂ ಚಿಂತೆಯಿಲ್ಲ.

ಗಾಳಿಯಲ್ಲಿ ಬ್ಯಾಗನ್ನು ನಡುವಿನ ಕಂಬದ ಕೆಳಗಿನ ಕೊಕ್ಕೆಗೆ ತೂಗುಹಾಕಿದರೆ ಸಾಕಲ್ಲವೇ ಎಂದು ಮುಂದೆ ಕೇಳುತ್ತೀರಿ, ಗೊತ್ತು. ಮುಳ್ಳಯ್ಯನಗಿರಿಯ ಗಾಳಿಗೆ ತೂಗುವ ಬ್ಯಾಗು ಟ್ರೈಪಾಡನ್ನೂ ತೂಗಿಸುತ್ತದೆ. ಬ್ಯಾಗಿನ ತಳ ನೆಲಕ್ಕೆ ತಾಗುವಂತೆ ಪಟ್ಟಿಯನ್ನು ಸಡಿಲಿಸಿ ಹಾಕಿ. ಬೆರಳಿನ ನಡುಕ ಚಿತ್ರಕ್ಕೆ ತಾಗದಂತೆ ಎರಡು ಸೆಕೆಂಡಿನ ಟೈಮರ್ ಬಳಸಿ.

ಯಾರೂ ಕೇಳದಿದ್ದರೂ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಒಯ್ದ ಟ್ರೈಪಾಡನ್ನು ನಿಲ್ಲಿಸಲು ಬಿಡುತ್ತಾರೆಯೇ? ಹಂಪಿ, ಬಾದಾಮಿ, ಪಟ್ಟದಕಲ್ಲು, ಸೋಮನಾಥಪುರದಂಥ ಕಡೆ ಸ್ಮಾರಕಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿಯಲ್ಲಿವೆ. ಕೈಯಲ್ಲಿ ಹಿಡಿದು ಫೋಟೊ ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಟ್ರೈಪಾಡಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಬಾಗಿಲಲ್ಲಿ ನಿಂತು ವಾದಿಸಿ ಪ್ರಯೋಜನವಿಲ್ಲ, ಕಾವಲಿನವರು ತಮ್ಮ ಕೆಲಸ ಮಾಡುತ್ತಿದ್ದಾರೆ.

ಹೊಯ್ಸಳ ಗುಡಿಯ ಒಳಗೆ, ಮಬ್ಬು ಬೆಳಕಿನಲ್ಲಿ ಭುವನೇಶ್ವರಿಯನ್ನು, ಅಂದರೆ ಕೆತ್ತನೆಯ ಒಳಚಾವಣಿಯನ್ನು, ತೆಗೆಯುವ ಆಸೆಯಿದ್ದರೆ ಒಂದು ಉಪಾಯವಿದೆ. ಕಾವಲಿನವರನ್ನು ಒಂದು ಮಾತು ಕೇಳಿಕೊಂಡು, ಜನ ಓಡಾಡದ ಹೊತ್ತು ನೋಡಿ, ನೆಲದ ಮೇಲೆ ಕರವಸ್ತ್ರ ಹಾಸಿ ಕ್ಯಾಮೆರಾವನ್ನು ಅಂಗಾತ ಮಲಗಿಸಿ. ಅಗಲ ನೋಟದ ಲೆನ್ಸ್, ಫ್ಲ್ಯಾಷ್ ಇಲ್ಲ, ಐಎಸ್ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಮತ್ತೆ ಅದೇ ಎರಡು ಸೆಕೆಂಡಿನ ಟೈಮರ್. ಬಟನ್ ಒತ್ತಿ ಪಕ್ಕಕ್ಕೆ ಸರಿಯಿರಿ, ಇಲ್ಲದಿದ್ದರೆ ಕೆತ್ತನೆಯ ಜೊತೆಗೆ ನಿಮ್ಮ ಗಲ್ಲವೂ ಬರುತ್ತದೆ.