ಕಪ್ಪೆ ಹೋಯಿತು, ಪರದೆ ಬಂತು: ವರ್ಚುವಲ್ ಲ್ಯಾಬ್‌ನ ಹಿಂದಿನ ಕತೆ

ಮಂಗಳೂರಿನ ಮಳೆಗಾಲಕ್ಕೂ ಕಾಲೇಜಿನ ಲ್ಯಾಬ್‌ಗೂ ಆಗಿಬರುವುದಿಲ್ಲ. ಮೈಕ್ರೋಸ್ಕೋಪಿನ ಲೆನ್ಸಿಗೆ ಬೂಷ್ಟು, ಹಿತ್ತಾಳೆಯ ತೂಕಕ್ಕೆ ಕಿಲುಬು. ಇದ್ದ ಒಂದು ಸ್ಪೆಕ್ಟ್ರೋಮೀಟರಿನ ಮುಂದೆ ನಾಲ್ಕು ಜನ. ಒಬ್ಬರು ರೀಡಿಂಗ್ ತೆಗೆದರೆ ಉಳಿದ ಮೂವರು ಸುಮ್ನೆ ಬರೆದುಕೊಳ್ಳುತ್ತಾರೆ.

ಪ್ರಯೋಗವನ್ನು ಪರದೆಯ ಮೇಲೆಯೇ ಮಾಡಿಸುವ ವರ್ಚುವಲ್ ಲ್ಯಾಬ್ ಹುಟ್ಟಿದ್ದು ಇಂಥ ಕೊರತೆಯಿಂದಲೇ. ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣ ಕೊಡಲು ಕೇಂದ್ರ ಸರ್ಕಾರ 2009ರಲ್ಲಿ ಒಂದು ರಾಷ್ಟ್ರೀಯ ಮಿಷನ್ ಶುರುಮಾಡಿತು. ಅದರಡಿ ದೆಹಲಿ ಐಐಟಿಯ ಮುಂದಾಳತ್ವದಲ್ಲಿ ವರ್ಚುವಲ್ ಲ್ಯಾಬ್ಸ್ ಯೋಜನೆ ಬಂತು. ನಮ್ಮ ಸುರತ್ಕಲ್‌ನ ಎನ್‌ಐಟಿಕೆಯೂ ಅದರಲ್ಲಿ ಪಾಲುದಾರ.

ಪ್ರಾಣಿಶಾಸ್ತ್ರದವರಿಗೆ ಕಾರಣ ಬೇರೆ. ಕಪ್ಪೆ ಕೊಯ್ಯುವುದನ್ನು ಹಂತಹಂತವಾಗಿ ಬಿಡಿ ಎಂದು 2011ರಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆಯ ಯುಜಿಸಿ ಹೇಳಿತು, 2014ರಲ್ಲಿ ಬೇಡವೇ ಬೇಡ ಎಂದಿತು. ಡಿಸೆಕ್ಷನ್ ಟ್ರೇ ಕಪಾಟು ಸೇರಿತು.

ಆಮೇಲೆ ಕೋವಿಡ್. ಬೇಕಾದರೆ ನೋಡಿ ಎನ್ನುವಂತಿದ್ದದ್ದು ಒಮ್ಮೆಗೇ ಅನಿವಾರ್ಯವಾಯಿತು. ಹಳೆಯ ಸಿಮ್ಯುಲೇಶನ್‌ಗಳಲ್ಲಿ, ಅಂದರೆ ಪರದೆಯ ಪ್ರಯೋಗಗಳಲ್ಲಿ, ಎಷ್ಟೋ ಫ್ಲ್ಯಾಶ್ ಎಂಬ ತಂತ್ರಾಂಶವನ್ನು ನಂಬಿಕೊಂಡಿದ್ದವು. ಅದೇ 2020ರ ಕೊನೆಗೆ ಅಡೋಬ್ ಕಂಪನಿ ಫ್ಲ್ಯಾಶ್‌ಗೆ ಮಂಗಳ ಹಾಡಿತು. ಗ್ರಹಚಾರ ಅಂದರೆ ಇದೇ ಅಲ್ವಾ!

ಹಾಗಾದರೆ ಪರದೆಯಲ್ಲಿ ಕಲಿತದ್ದು ತಲೆಗೆ ಹತ್ತುತ್ತದೆಯೇ? ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಫೆಟ್ ಸಿಮ್ಯುಲೇಶನ್‌ಗಳು ಅಲ್ಲಿಯವೇ. ಒಂದು ಗುಂಪಿಗೆ ನಿಜವಾದ ಬಲ್ಬು, ತಂತಿ ಕೊಟ್ಟರು, ಇನ್ನೊಂದಕ್ಕೆ ಪರದೆ. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಸರ್ಕ್ಯೂಟಿನ ಪ್ರಶ್ನೆಗಳಲ್ಲಿ ಪರದೆಯವರು ಮುಂದಿದ್ದರು. ಸೋಜಿಗವೆಂದರೆ, ನಿಜವಾದ ಸರ್ಕ್ಯೂಟ್ ಜೋಡಿಸಿ ವಿವರಿಸುವುದರಲ್ಲೂ ಅವರೇ ಮುಂದು! ತಂತಿಯೊಳಗೆ ಎಲೆಕ್ಟ್ರಾನ್ ಓಡುವುದು ಕಣ್ಣಿಗೆ ಕಾಣುವುದಿಲ್ಲ, ಪರದೆಯ ಮೇಲೆ ಕಾಣುತ್ತದೆ.

ಆದರೆ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಅಳೆಯುವ ಟೈಟ್ರೇಶನ್‌ಗೆ ಈ ಮಾತು ಒಪ್ಪುವುದಿಲ್ಲ. ಹನಿ ಬಿಡುವ ಗಾಜಿನ ಕೊಳವೆ ಬ್ಯುರೆಟ್ಟಿನ ತಿರುಪನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಫ್ಲಾಸ್ಕ್ ಅಲ್ಲಾಡಿಸುತ್ತಾ, ಬಣ್ಣ ಬದಲಿಸಿ ಸೂಚನೆ ಕೊಡುವ ಫಿನಾಲ್ಫ್ಥಲೀನ್ ತಿಳಿ ಗುಲಾಬಿಯಾಗುವ ಕ್ಷಣಕ್ಕೆ ಕಾಯಬೇಕು. ಒಂದು ಹನಿ ಜಾಸ್ತಿ ಬಿತ್ತೋ, ಕಡು ಗುಲಾಬಿ. ಮತ್ತೆ ಮೊದಲಿಂದ. ಪರದೆಯ ಮೇಲೆ ಕೈ ನಡುಗುವುದಿಲ್ಲ, ಪಿಪೆಟ್ಟಿನಲ್ಲಿ ಗುಳ್ಳೆ ಸೇರುವುದಿಲ್ಲ. ತಪ್ಪು ಎಲ್ಲಾಯಿತು ಎಂದು ಹುಡುಕುವ ಪಾಠವೂ ಅಲ್ಲಿ ಸಿಗುವುದಿಲ್ಲ.

ಹಿಂದಿನ ರಾತ್ರಿ ಮೊಬೈಲಿನಲ್ಲಿ ಒಮ್ಮೆ ಮಾಡಿ, ಮರುದಿನ ಲ್ಯಾಬ್‌ಗೆ ಬರುವುದು ನನಗೆ ಸರಿಯೆನಿಸುತ್ತದೆ. ಯಾವ ಬಾಟಲಿ, ಯಾವ ಕ್ರಮ ಎಂದು ತಡಕಾಡುವ ಹೊತ್ತು ಉಳಿಯುತ್ತದೆ. ಆದರೆ ವರ್ಚುವಲ್ ಲ್ಯಾಬ್ ಇದೆಯಲ್ಲ ಎಂದು ಆಡಳಿತ ಮಂಡಳಿ ಎರಡನೇ ಸ್ಪೆಕ್ಟ್ರೋಮೀಟರ್ ಕೊಳ್ಳದೇ ಕೂತರೆ, ರೀಡಿಂಗ್ ಕಾಪಿ ಹೊಡೆಯುವ ಆ ಮೂವರು ಅಲ್ಲೇ ಇರುತ್ತಾರೆ.